ರಾತ್ರಿಯಿಡೀ ಕಬ್ಬಿನ ಟ್ರ್ಯಾಕ್ಟರ್ ಸದ್ದು: ‘ರೂಢಿ ಆಗತೈತಿ’ ಎಂಬುದು ನಿಜವೇ?

ಪ್ರಶ್ನೆ: ನಮ್ಮ ಮನೆ ಮುಧೋಳ ತಾಲ್ಲೂಕಿನಲ್ಲಿ, ಸಕ್ಕರೆ ಕಾರ್ಖಾನೆಗೆ ಹೋಗುವ ರಸ್ತೆಗೆ ಹತ್ತಿಕೊಂಡೇ ಇದೆ. ಹಂಗಾಮು ಶುರುವಾದರೆ ಕಬ್ಬು ಹೇರಿದ ಟ್ರ್ಯಾಕ್ಟರ್‌ಗಳು ರಾತ್ರಿಯಿಡೀ ದೊಡ್ಡ ಸ್ಪೀಕರ್‌ಗಳಲ್ಲಿ ಹಾಡು ಹಚ್ಚಿಕೊಂಡು ಸಾಗುತ್ತವೆ. ಅತ್ತೆಯವರಿಗೆ 68 ವರ್ಷ, ಬಿಪಿ ಇದೆ. ರಾತ್ರಿ ಎದ್ದು ಕೂರುತ್ತಾರೆ. ಮಗ ಹತ್ತನೆಯ ತರಗತಿಯಲ್ಲಿದ್ದಾನೆ. ಮನೆಯ ಹಿರಿಯರು ‘ರೂಢಿ ಆಗತೈತಿ ಬಿಡು’ ಎನ್ನುತ್ತಾರೆ. ಹೊಲದ ಬದುವಿನಲ್ಲಿ ಬೆಳಗಿನ ಜಾವ ಕೂಗುತ್ತಿದ್ದ ಗೌಜಲಕ್ಕಿಗಳ ದನಿಯೂ ಈಗ ಅಪರೂಪವಾಗಿದೆ. ಅದಕ್ಕೂ ಈ ಸದ್ದಿಗೂ ಸಂಬಂಧವಿದೆಯೇ? ನಾವು ಏನು ಮಾಡಬಹುದು?

ಉತ್ತರ: ನಿಮ್ಮ ಹಿರಿಯರ ಮಾತಿನಿಂದಲೇ ಆರಂಭಿಸುತ್ತೇನೆ. ಬಾಗಲಕೋಟೆಯಲ್ಲಿ ಕಿವಿ, ಮೂಗು, ಗಂಟಲಿನ ವೈದ್ಯನಾಗಿರುವ ನಾನು ‘ರೂಢಿ ಆಗತೈತಿ’ ಎಂಬುದನ್ನು ಕೇಳದ ವಾರವಿಲ್ಲ. ರಬಕವಿ-ಬನಹಟ್ಟಿಯ ಮಗ್ಗದವರು ಹೇಳುತ್ತಾರೆ, ಇಳಕಲ್ಲಿನ ಕಲ್ಲುಗಣಿಯವರು ಹೇಳುತ್ತಾರೆ, ಬಸ್ ನಿಲ್ದಾಣದ ಎದುರು ಅಂಗಡಿ ಇಟ್ಟವರೂ ಹೇಳುತ್ತಾರೆ. ಆ ಮಾತು ಪೂರ್ತಿ ಸುಳ್ಳಲ್ಲ. ದಿನವೂ ಬರುವ ಸದ್ದಿನಿಂದ ತಕ್ಷಣದ ಅಪಾಯವಿಲ್ಲವೆಂದು ಮಿದುಳು ಕಲಿತುಕೊಳ್ಳುತ್ತದೆ ಮತ್ತು ಕೆಲವು ವಾರಗಳಲ್ಲಿ ಅದರತ್ತ ಗಮನ ಹರಿಸುವುದನ್ನು ಕಡಿಮೆ ಮಾಡುತ್ತದೆ. ರೂಢಿಯಾಗುವುದು ಇಷ್ಟೇ. ಹೃದಯಕ್ಕೂ ರಕ್ತನಾಳಗಳಿಗೂ ಈ ರೂಢಿ ತೀರಾ ಅಲ್ಪ. ಒಳಗಿವಿಗಂತೂ ಆಗುವುದೇ ಇಲ್ಲ. ನಿಮ್ಮ ನಾಲ್ಕೂ ಪ್ರಶ್ನೆಗಳಿಗೆ ನನ್ನ ಉತ್ತರ ಈ ಒಂದು ವ್ಯತ್ಯಾಸದ ಮೇಲೆ ನಿಂತಿದೆ.

ಅತ್ತೆಯವರ ವಿಷಯವನ್ನು ಮೊದಲು ನೋಡೋಣ. ನಿದ್ದೆಯಲ್ಲಿ ಕಣ್ಣು ಮುಚ್ಚುತ್ತದೆ, ಕಿವಿ ಮುಚ್ಚುವುದಿಲ್ಲ. ಒಳಗಿವಿಯಿಂದ ಹೊರಟ ಸಂಕೇತ ನಿದ್ರಿಸುತ್ತಿರುವ ಮಿದುಳಿಗೂ ತಲುಪುತ್ತದೆ, ಅಲ್ಲಿಂದ ಎಚ್ಚರಿಕೆಯ ನರಜಾಲ ಕೆರಳುತ್ತದೆ, ಅಡ್ರಿನಲಿನ್ ಮತ್ತು ಕಾರ್ಟಿಸಾಲ್‌ನಂಥ ಒತ್ತಡದ ರಸದೂತಗಳು ರಕ್ತಕ್ಕೆ ಸೇರುತ್ತವೆ, ನಾಡಿ ಚುರುಕಾಗುತ್ತದೆ, ಸಣ್ಣ ರಕ್ತನಾಳಗಳು ಬಿಗಿಯುತ್ತವೆ. ಇದೆಲ್ಲ ನಡೆಯಲು ಮನುಷ್ಯ ಎಚ್ಚರಗೊಳ್ಳಲೇಬೇಕೆಂದಿಲ್ಲ. ಅಥೆನ್ಸ್, ಮಿಲಾನ್, ಸ್ಟಾಕ್‌ಹೋಮ್ ಮತ್ತು ಲಂಡನ್‌ನ ವಿಮಾನ ನಿಲ್ದಾಣಗಳ ಬಳಿ ವಾಸಿಸುವ 140 ಜನರ ರಕ್ತದೊತ್ತಡವನ್ನು ಅವರು ಮಲಗಿದ್ದಾಗಲೇ ಅಳೆದು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೋಣೆಯೊಳಗೆ 35 ಡೆಸಿಬಲ್ ಮೀರಿದ ಸದ್ದು ಬಂದಾಗಲೆಲ್ಲ ಒತ್ತಡ ಏರಿದ್ದು ಕಂಡುಬಂತು; ವಿಮಾನದ ಸದ್ದಿಗೆ ಮೇಲಿನ ಅಂಕಿ ಸರಾಸರಿ 6 ಮಿಲಿಮೀಟರ್‌ನಷ್ಟು ಹೆಚ್ಚಿತ್ತು. ಅವರು ಆ ಸದ್ದಿನ ನಡುವೆಯೇ ವರ್ಷಗಟ್ಟಲೆ ಬಾಳಿದವರು, ಆ ಹೊತ್ತಿನಲ್ಲಿ ನಿದ್ದೆಯಲ್ಲಿದ್ದವರು.

ಆರೋಗ್ಯವಂತರ ರಕ್ತದೊತ್ತಡ ರಾತ್ರಿ ತಾನಾಗಿಯೇ ಇಳಿಯುತ್ತದೆ ಮತ್ತು ಹೃದಯಕ್ಕೆ ಸಿಗುವ ದೊಡ್ಡ ವಿಶ್ರಾಂತಿ ಅದೇ. ಮೊದಲೇ ಬಿಪಿ ಇರುವ 68 ವರ್ಷದ ಹೆಣ್ಣುಮಗಳಿಗೆ ಆ ಇಳಿತ ನಾಲ್ಕೈದು ತಿಂಗಳು ಸರಿಯಾಗಿ ಸಿಗದಿದ್ದರೆ ಅದನ್ನು ಕೇವಲ ನಿದ್ದೆಗೇಡು ಎಂದು ಬದಿಗೆ ಸರಿಸಲಾಗದು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪಿನ ದೇಶಗಳಿಗಾಗಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ರಸ್ತೆ ಸಂಚಾರದ ಸದ್ದು ಇಡೀ ದಿನದ ಲೆಕ್ಕದಲ್ಲಿ 53 ಡೆಸಿಬಲ್, ರಾತ್ರಿಯ ಲೆಕ್ಕದಲ್ಲಿ 45 ಡೆಸಿಬಲ್ ಮೀರಬಾರದು. 53ರ ಮೇಲೆ ಪ್ರತಿ 10 ಡೆಸಿಬಲ್ ಏರಿಕೆಗೆ ಹೃದಯದ ರಕ್ತನಾಳಗಳ ಕಾಯಿಲೆಯ ಅಪಾಯ ಸುಮಾರು ಶೇ 8ರಷ್ಟು ಹೆಚ್ಚುತ್ತದೆಂದು ಆ ಸಂಸ್ಥೆ ಲೆಕ್ಕ ಹಾಕಿದೆ. ಒಬ್ಬರ ಮಟ್ಟಿಗೆ ಇದು ಚಿಕ್ಕ ಸಂಖ್ಯೆ, ಆದರೆ ರಸ್ತೆಗುಂಟ ಇರುವ ಊರುಗಳನ್ನೆಲ್ಲ ಸೇರಿಸಿ ನೋಡಿದರೆ ಚಿಕ್ಕದಲ್ಲ.

ಡೆಸಿಬಲ್ ಎಂಬ ಅಳತೆಯನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅದರ ಲೆಕ್ಕ ನಮ್ಮ ಸೇರು-ಕಿಲೋ ಲೆಕ್ಕದಂತಲ್ಲ. 10 ಡೆಸಿಬಲ್ ಏರಿತೆಂದರೆ ಸದ್ದಿನ ಶಕ್ತಿ ಹತ್ತು ಪಟ್ಟಾಯಿತು, 20 ಏರಿತೆಂದರೆ ನೂರು ಪಟ್ಟಾಯಿತು. ಕಿವಿಗೆ ಮಾತ್ರ 10 ಡೆಸಿಬಲ್ ಏರಿಕೆ ಸುಮಾರು ಎರಡು ಪಟ್ಟಿನಷ್ಟು ಜೋರಾಗಿ ಕೇಳುತ್ತದೆ. ಹತ್ತು ನಿಮಿಷಕ್ಕೊಂದರಂತೆ ಟ್ರ್ಯಾಕ್ಟರ್ ಹಾಯುತ್ತದೆ, ಪ್ರತಿ ಸಲವೂ ಅರ್ಧ ನಿಮಿಷ ನಿಮ್ಮ ಅಂಗಳದಲ್ಲಿ 80 ಡೆಸಿಬಲ್ ಸದ್ದು ಇರುತ್ತದೆ, ಉಳಿದ ಒಂಬತ್ತೂವರೆ ನಿಮಿಷ ಪೂರ್ಣ ನಿಶ್ಶಬ್ದ ಎಂದೇ ಇಟ್ಟುಕೊಳ್ಳಿ. ಆಗಲೂ ಆ ಹತ್ತು ನಿಮಿಷದ ಸರಾಸರಿ 67 ಡೆಸಿಬಲ್ ಆಗುತ್ತದೆ. ನಮ್ಮ ದೇಶದ ನಿಯಮದಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಾತ್ರ ಇರಬೇಕು. ಇನ್ನೊಂದು ಸಂಗತಿಯೆಂದರೆ, ಸರಾಸರಿಗಿಂತ ಒಂದೊಂದು ಸಲದ ಏರಿಕೆಯೇ ನಿದ್ದೆಯನ್ನು ಹೆಚ್ಚು ಕೆಡಿಸುತ್ತದೆ. ನಿರಂತರವಾಗಿ ತಿರುಗುವ ಫ್ಯಾನಿನ ಸದ್ದಿನಲ್ಲಿ ಮಲಗಬಲ್ಲವರು ಆಗೊಮ್ಮೆ ಈಗೊಮ್ಮೆ ಬಂದುಹೋಗುವ ಹಾಡಿನಲ್ಲಿ ಮಲಗಲಾರರು. ಅದರಲ್ಲೂ ಹಾಡಿನಲ್ಲಿ ಮಾತಿರುತ್ತದೆ, ಮಾತನ್ನು ಬಿಟ್ಟುಕೊಡುವುದು ಮಿದುಳಿಗೆ ಎಲ್ಲಕ್ಕಿಂತ ಕಷ್ಟ.

ಕಿಟಕಿ ಮುಚ್ಚಿದರೂ ‘ಡಬ್ ಡಬ್’ ಎಂಬುದು ನಿಲ್ಲುವುದಿಲ್ಲವೆಂದು ನಿಮಗೆ ಅನುಭವವಾಗಿರಬೇಕು. 50 ಹರ್ಟ್ಜ್‌ನ ತಗ್ಗು ಸದ್ದಿನ ಒಂದು ಅಲೆ ಸುಮಾರು 7 ಮೀಟರ್ ಉದ್ದವಿರುತ್ತದೆ, 4000 ಹರ್ಟ್ಜ್‌ನ ತೀಕ್ಷ್ಣ ಸದ್ದಿನ ಅಲೆ 9 ಸೆಂಟಿಮೀಟರ್ ಕೂಡ ಇರುವುದಿಲ್ಲ. ಸಣ್ಣ ಅಲೆಯನ್ನು ಬಾಗಿಲು ತಡೆಯುತ್ತದೆ. ಉದ್ದದ ಅಲೆ ತಗಡಿನ ಛಾವಣಿಯನ್ನೂ ಕಿಟಕಿಯ ಗಾಜನ್ನೂ ನಡುಗಿಸಿಕೊಂಡು ಒಳಗೆ ಬರುತ್ತದೆ. ಅಧಿಕಾರಿಗಳು ಬಳಸುವ ಮಾಪಕದ ಸಾಮಾನ್ಯ ಅಳತೆಯು ತಗ್ಗು ಸದ್ದನ್ನು ಕಡಿಮೆ ಮಾಡಿ ತೋರಿಸುವಂಥದ್ದು, ಆದ್ದರಿಂದ ಅಳೆದ ಸಂಖ್ಯೆಗಿಂತ ನಿಮ್ಮ ಅತ್ತೆಯವರ ಎದೆಗೆ ತಟ್ಟುವುದು ಹೆಚ್ಚಾಗಿರಲು ಸಾಧ್ಯ. ಅವರು ‘ಎದಿ ಬಡಕೊಂತೈತಿ’ ಎಂದರೆ ದಯವಿಟ್ಟು ನಂಬಿರಿ.

ಇನ್ನು ಕಿವಿ. ನೀವು ಇದನ್ನು ಕೇಳಿಲ್ಲ, ಆದರೂ ಹೇಳದೆ ಮುಂದೆ ಹೋಗಲಾರೆ, ಏಕೆಂದರೆ ಈ ಇಡೀ ಸಂಗತಿಯಲ್ಲಿ ಕಿವಿಯನ್ನು ಕಳೆದುಕೊಳ್ಳುವ ಮೊದಲ ಮನುಷ್ಯ ಆ ಟ್ರ್ಯಾಕ್ಟರ್ ಚಾಲಕ. ವಿಜಯಪುರದ ಗೋಲಗುಮ್ಮಟದ ಮೇಲಿನ ಸುತ್ತುಮೊಗಸಾಲೆಗೆ ನೀವು ಹೋಗಿರುತ್ತೀರಿ. ಸುಮಾರು 38 ಮೀಟರ್ ಒಳವ್ಯಾಸದ ಆ ಗುಮ್ಮಟದ ಒಂದು ಬದಿಯ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದ್ದು ಇನ್ನೊಂದು ಬದಿಯಲ್ಲಿ ಕೇಳುತ್ತದೆ. ಕಟ್ಟಡದ ಕೌಶಲ್ಯವನ್ನು ನಾವು ಹೊಗಳುತ್ತೇವೆ, ಆದರೆ ಅಷ್ಟು ಕ್ಷೀಣವಾದ ಕಂಪನವನ್ನು ಹಿಡಿದು ಮಾತಾಗಿಸುವ ಕಿವಿಯ ಕೌಶಲ್ಯ ಅದಕ್ಕಿಂತ ದೊಡ್ಡದು. ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡಿರುವ ಒಳಗಿವಿಯಲ್ಲಿ ಹುಟ್ಟುವಾಗ ಸುಮಾರು 15,000 ರೋಮಕೋಶಗಳಿರುತ್ತವೆ. ಜೋರು ಸದ್ದಿಗೆ ಅವು ಮೊದಲು ಬಾಗುತ್ತವೆ, ಸಾಕಷ್ಟು ಹೊತ್ತು ನಿಶ್ಶಬ್ದ ಸಿಕ್ಕರೆ ನೆಟ್ಟಗಾಗುತ್ತವೆ, ಸಿಗದಿದ್ದರೆ ಸಾಯುತ್ತವೆ. ಸತ್ತ ಕೋಶ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ.

ಕೆಲಸದ ಜಾಗದಲ್ಲಿ 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ತಾಳಬಹುದೆಂದು, ಅದರ ಮೇಲೆ ಪ್ರತಿ 3 ಡೆಸಿಬಲ್‌ಗೆ ಆ ಹೊತ್ತನ್ನು ಅರ್ಧಕ್ಕೆ ಇಳಿಸಬೇಕೆಂದು ವೈದ್ಯವಿಜ್ಞಾನದ ಲೆಕ್ಕವಿದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ 1 ಗಂಟೆ, 100ಕ್ಕೆ ಹದಿನೈದೇ ನಿಮಿಷ. ಕ್ಯಾಬಿನ್ ಇಲ್ಲದ ಟ್ರ್ಯಾಕ್ಟರಿನಲ್ಲಿ ಎಂಜಿನ್ನಿನ ಸದ್ದನ್ನು ಮೀರಿಸಿ ಹಾಡು ಕೇಳಬೇಕೆಂದರೆ ಅದು ಯಾವ ಮಟ್ಟಕ್ಕೆ ಹೋಗಬೇಕೆಂದು ನೀವೇ ಊಹಿಸಿ. ಸ್ಪೀಕರ್ ಇರುವುದು ಅವನ ಬೆನ್ನ ಹಿಂದೆ, ಕೆಲಸ ಇರುವುದು ಇಡೀ ರಾತ್ರಿ. ವಿದ್ಯುತ್ ಮಗ್ಗದ ಶೆಡ್ಡುಗಳಲ್ಲಿ 90 ಡೆಸಿಬಲ್ ಮೀರುವುದು ಸಾಮಾನ್ಯ, ಅಲ್ಲಿ ಇಪ್ಪತ್ತು ವರ್ಷ ದುಡಿದವರು ನನ್ನ ಬಳಿ ಬಂದು ಹೇಳುವ ಮಾತು ಹೆಚ್ಚುಕಡಿಮೆ ಒಂದೇ: ‘ಮಾತು ಕೇಳ್ತೈತ್ರಿ, ಆದರ ತಿಳಿವಲ್ದು.’ ಸದ್ದಿನಿಂದಾಗುವ ಕಿವುಡು ಮೊದಲು 4000 ಹರ್ಟ್ಜ್ ಸುತ್ತಲಿನ ದನಿಗಳನ್ನು ಕಸಿಯುತ್ತದೆ. ಸ, ಶ, ತ, ಕ ಮುಂತಾದ ವ್ಯಂಜನಗಳ ಅಂಚು ಆ ಎತ್ತರದ ಭಾಗದಲ್ಲೇ ಇರುತ್ತದೆ. ಸ್ವರಗಳು ಕೇಳುತ್ತವೆ, ಪದ ಬಿಡಿಸಿಕೊಳ್ಳುವುದಿಲ್ಲ. ಮೊಮ್ಮಗಳು ಕಿವಿಯಲ್ಲಿ ಹೇಳಿದ ಗುಟ್ಟು ಅರ್ಥವಾಗದೆ ಸುಮ್ಮನೆ ನಕ್ಕುಬಿಡುವ ಅಜ್ಜನನ್ನು ನೋಡಿದಾಗ ನನಗೆ ಈಗಲೂ ಸಂಕಟವಾಗುತ್ತದೆ. ಅವರೆಲ್ಲರೂ ಮಗ್ಗದ ಸದ್ದು ತಮಗೆ ರೂಢಿಯಾಗಿದೆ ಎಂದವರೇ. ಸದ್ದು ಮೊದಲಿನಷ್ಟು ಜೋರಾಗಿ ಕೇಳದಿರುವುದನ್ನು ಅವರು ರೂಢಿ ಎಂದುಕೊಂಡಿದ್ದರು.

ಮಗನ ಬಗ್ಗೆ ಹೇಳುವುದಾದರೆ, ನಿಮ್ಮ ಆತಂಕಕ್ಕೆ ಗಟ್ಟಿ ಆಧಾರವಿದೆ. ನ್ಯೂಯಾರ್ಕಿನ ಒಂದು ಶಾಲೆಯ ಪಕ್ಕದಲ್ಲೇ ಎತ್ತರದ ಹಳಿಯ ಮೇಲೆ ರೈಲು ಓಡುತ್ತಿತ್ತು. ಹಳಿಯ ಬದಿಯ ಕೊಠಡಿಗಳಲ್ಲಿ ಕಲಿತ ಮಕ್ಕಳ ಓದುವ ಸಾಮರ್ಥ್ಯ ಅದೇ ಶಾಲೆಯ ಶಾಂತ ಬದಿಯ ಮಕ್ಕಳಿಗಿಂತ ಹಿಂದುಳಿದಿದೆಯೆಂದು, ಆರನೆಯ ತರಗತಿಯ ಹೊತ್ತಿಗೆ ಆ ಅಂತರ ಸುಮಾರು ಒಂದು ವರ್ಷದಷ್ಟಿದೆಯೆಂದು 1975ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಜರ್ಮನಿಯ ಮ್ಯೂನಿಕ್‌ನಲ್ಲಿ 1992ರಲ್ಲಿ ಹಳೆಯ ವಿಮಾನ ನಿಲ್ದಾಣ ಮುಚ್ಚಿ ಹೊಸದು ಬೇರೆಡೆ ತೆರೆದಾಗ ಸಂಶೋಧಕರು ಎರಡೂ ಕಡೆಯ ಮಕ್ಕಳನ್ನು ಪರೀಕ್ಷಿಸಿದರು. ಹೊಸ ನಿಲ್ದಾಣದ ಬಳಿಯ ಮಕ್ಕಳ ಓದು ಮತ್ತು ದೀರ್ಘಕಾಲದ ನೆನಪು ಕುಗ್ಗಿದವು, ಹಳೆಯದರ ಬಳಿಯ ಮಕ್ಕಳಲ್ಲಿ ಅವು ಸುಧಾರಿಸಿದವು. ಆ ಸುಧಾರಣೆಯನ್ನು ನಾನು ಒತ್ತಿ ಹೇಳುತ್ತೇನೆ: ಮಗುವಿನ ಕಲಿಕೆಗಾದ ನಷ್ಟವನ್ನು ಶಾಂತಿ ತುಂಬಿಕೊಡಬಲ್ಲದು, ಕಿವಿಗಾದ ನಷ್ಟವನ್ನು ತುಂಬಿಕೊಡದು. ನಿಮ್ಮ ಮಗ ಹಗಲು ಓದಿದ್ದು ನೆನಪಾಗಿ ಗಟ್ಟಿಗೊಳ್ಳುವುದು ರಾತ್ರಿಯ ನಿದ್ದೆಯಲ್ಲಿ. ಪರೀಕ್ಷೆಯ ತಯಾರಿಯ ದಿನಗಳು ಮತ್ತು ಕಬ್ಬಿನ ಹಂಗಾಮು ಒಟ್ಟಿಗೇ ಬರುವುದರಿಂದ ಅವನ ಮಲಗುವ ಜಾಗದ ಬಗ್ಗೆ ಓದುವ ಜಾಗದಷ್ಟೇ ಯೋಚಿಸಬೇಕು.

ಗೌಜಲಕ್ಕಿಯ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಕೃತಜ್ಞನಾಗಿದ್ದೇನೆ. ರಜೆಯ ದಿನ ಗೋಕಾಕ ತಾಲ್ಲೂಕಿನ ಧೂಪದಾಳದ ಘಟಪ್ರಭಾ ಪಕ್ಷಿಧಾಮಕ್ಕೆ ಹೋಗಿ ಕೂರುವ ಅಭ್ಯಾಸ ನನಗೆ ಬಹಳ ವರ್ಷಗಳಿಂದ ಇದೆ, ಹಾಗಾಗಿ ಈ ಭಾಗವನ್ನು ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ. ಹಕ್ಕಿಗೆ ದನಿಯೇ ಬದುಕು. ಜೊತೆಗಾರನನ್ನು ಕರೆಯುವುದು, ತನ್ನ ಗಡಿ ಸಾರುವುದು, ಗಿಡುಗ ಬಂತೆಂದು ಮರಿಗಳಿಗೆ ತಿಳಿಸುವುದು ಎಲ್ಲವೂ ದನಿಯಿಂದಲೇ ನಡೆಯುತ್ತದೆ. ಅದು ಕೇಳದಂತೆ ಮತ್ತೊಂದು ಸದ್ದು ಮುಚ್ಚಿದರೆ ಹಕ್ಕಿ ಮೊದಲು ಜೋರಾಗಿ ಕೂಗುತ್ತದೆ, ಇಲ್ಲವೇ ದನಿಯನ್ನು ಎತ್ತರಿಸುತ್ತದೆ. ನೆದರ್ಲೆಂಡ್ಸ್‌ನ ಲೈಡನ್ ನಗರದಲ್ಲಿ ಗದ್ದಲದ ಬೀದಿಗಳ ಗುಬ್ಬಿಗಾತ್ರದ ಚೇಕಡಿ ಹಕ್ಕಿಗಳು ಶಾಂತ ಬೀದಿಗಳ ಚೇಕಡಿಗಳಿಗಿಂತ ಎತ್ತರದ ಸ್ವರದಲ್ಲಿ ಹಾಡುವುದನ್ನು 2003ರಲ್ಲಿ ದಾಖಲಿಸಲಾಯಿತು. ಎಲ್ಲ ಹಕ್ಕಿಗೂ ಇದು ಸಾಧ್ಯವಿಲ್ಲ. ಬೆಳವ ಮತ್ತು ಗೂಬೆಯಂಥ ತಗ್ಗು ದನಿಯ ಹಕ್ಕಿಗಳ ಕೂಗು ಎಂಜಿನ್ನಿನ ಸದ್ದಿನಡಿ ನೇರವಾಗಿ ಮುಳುಗುತ್ತದೆ.

ಹಕ್ಕಿಗಳು ಓಡುವುದು ವಾಹನಕ್ಕೋ, ಹೊಗೆಗೋ, ಬೆಳಕಿಗೋ ಅಥವಾ ಬರೀ ಸದ್ದಿಗೋ ಎಂಬ ಸಂಶಯ ಸಹಜ. ಅಮೆರಿಕದ ಐಡಹೊ ರಾಜ್ಯದ ಕಾಡೊಂದರಲ್ಲಿ ರಸ್ತೆಯೇ ಇಲ್ಲದ ಜಾಗದಲ್ಲಿ ಅರ್ಧ ಕಿಲೋಮೀಟರ್ ಉದ್ದಕ್ಕೆ ಸ್ಪೀಕರ್‌ಗಳನ್ನು ಸಾಲಾಗಿ ಇಟ್ಟು ವಾಹನಗಳ ಸದ್ದನ್ನು ಮಾತ್ರ ನುಡಿಸಿದರು. ನಾಲ್ಕು ದಿನ ಸದ್ದು, ನಾಲ್ಕು ದಿನ ಮೌನ, ಹೀಗೆ ವಲಸೆಯ ಕಾಲವೆಲ್ಲ ನಡೆಯಿತು. ಸದ್ದಿದ್ದ ದಿನಗಳಲ್ಲಿ ಹಕ್ಕಿಗಳ ಸಂಖ್ಯೆ ಕಾಲು ಭಾಗಕ್ಕಿಂತ ಹೆಚ್ಚು ಇಳಿಯಿತು ಎಂದು 2013ರಲ್ಲಿ ಪ್ರಕಟವಾಯಿತು. ನನ್ನ ಮಟ್ಟಿಗೆ ಅದಕ್ಕಿಂತ ಮುಖ್ಯವಾದದ್ದು ನಂತರದ ವರದಿ. ಬಿಟ್ಟು ಹೋಗದೆ ಅಲ್ಲೇ ಉಳಿದ ಹಕ್ಕಿಗಳನ್ನು ಹಿಡಿದು ತೂಗಿದಾಗ ಅವುಗಳ ಮೈಯಲ್ಲಿ ವಲಸೆಗೆ ಬೇಕಾದಷ್ಟು ಕೊಬ್ಬು ಸೇರಿರಲಿಲ್ಲ. ಶತ್ರುವಿನ ಸಪ್ಪಳ ಕೇಳದ ಹಕ್ಕಿ ಪದೇ ಪದೇ ತಲೆ ಎತ್ತಿ ನೋಡುತ್ತದೆ, ತಲೆ ಎತ್ತಿದಷ್ಟು ಹೊತ್ತು ಅದು ಕಾಳು ಹೆಕ್ಕಲಾರದು. ಉಳಿದುಕೊಂಡಿದೆ, ಆದ್ದರಿಂದ ರೂಢಿಯಾಗಿದೆ ಎಂಬ ತೀರ್ಮಾನ ಹಕ್ಕಿಯ ವಿಷಯದಲ್ಲೂ ಅವಸರದ್ದೇ. ವಿಚಿತ್ರವೆಂದರೆ, ಹಕ್ಕಿಯ ಒಳಗಿವಿಯ ರೋಮಕೋಶಗಳು ಸತ್ತರೆ ಕೆಲವೇ ವಾರಗಳಲ್ಲಿ ಮತ್ತೆ ಬೆಳೆಯುತ್ತವೆ. ನಮಗಿಲ್ಲದ ಆ ವರ ಅದಕ್ಕಿದೆ. ಆದರೂ ಸದ್ದಿನ ಜಾಗದಲ್ಲಿ ಅದರ ಹೊಟ್ಟೆ ತುಂಬುವುದಿಲ್ಲ.

ನಿಮ್ಮ ಕಬ್ಬಿನ ಹೊಲಕ್ಕೆ ಇದರಿಂದ ನೇರ ನಷ್ಟವೂ ಇದೆ. ನಮ್ಮ ಕಡೆ ಗೂಗಿ ಎಂದು ಕರೆದು ವೃಥಾ ಹೆದರುವ ಕಣಜ ಗೂಬೆ ಇಲಿ, ಹೆಗ್ಗಣಗಳ ದೊಡ್ಡ ಬೇಟೆಗಾರ. ಅದರ ಎರಡು ಕಿವಿಗಳು ಒಂದೇ ಎತ್ತರದಲ್ಲಿಲ್ಲ, ಆ ವ್ಯತ್ಯಾಸದಿಂದಲೇ ಇಲಿಯ ಸಪ್ಪಳ ಎಲ್ಲಿಂದ ಬಂತೆಂದು ಕರಾರುವಾಕ್ಕಾಗಿ ಹಿಡಿದು, ಕಣ್ಣಿಗೆ ಏನೂ ಕಾಣದ ಗಾಢ ಕತ್ತಲಲ್ಲೂ ಅದು ಬೇಟೆಯ ಮೇಲೆ ಎರಗಬಲ್ಲದು. ಒಣಗಿದ ಕಬ್ಬಿನ ರವದಿಯಲ್ಲಿ ಇಲಿ ಸರಿದಾಡುವ ಸಪ್ಪಳ ತೀರಾ ಸಣ್ಣದು. ರಸ್ತೆಯ ಸದ್ದು ಅದನ್ನು ನುಂಗಿದರೆ ಗೂಬೆ ಅಲ್ಲಿ ಬೇಟೆಯಾಡುವುದನ್ನು ಬಿಡುತ್ತದೆ. ಪೊದೆಯ ಸರಪರ ಕೇಳಿ ಹುಳು ಹಿಡಿಯುವ ಬಾವಲಿಗಳೂ ಹೆದ್ದಾರಿಯ ಸದ್ದಿರುವ ಜಾಗವನ್ನು ತಪ್ಪಿಸುತ್ತವೆಂದು ಪ್ರಯೋಗಗಳಲ್ಲಿ ಕಂಡಿದೆ. ಇದೇ ಜಿಲ್ಲೆಯ ಯಡಹಳ್ಳಿಯಲ್ಲಿ ಚಿಂಕಾರಗಳಿಗಾಗಿ 2016ರಲ್ಲಿ ವನ್ಯಧಾಮ ಘೋಷಣೆಯಾಗಿದೆ. ದೂರದ ಹೆಜ್ಜೆ ಸಪ್ಪಳಕ್ಕೆ ಕಿವಿ ನಿಮಿರಿಸಿ ಬದುಕುವ ಆ ಪ್ರಾಣಿಯ ನೆರೆಯಲ್ಲಿ ಹಾಯುವಾಗಲಾದರೂ ಹಾಡು ನಿಲ್ಲಿಸಬೇಕೆಂದು ನನ್ನ ಬಲವಾದ ಅಭಿಪ್ರಾಯ.

ಆದರೂ ಗೌಜಲಕ್ಕಿ ಕಡಿಮೆಯಾದ ಹೊಣೆಯನ್ನೆಲ್ಲ ಟ್ರ್ಯಾಕ್ಟರಿನ ಮೇಲೆ ಹೊರಿಸಲಾರೆ. ಬದುಗಳನ್ನು ಕಡಿದು ಹೊಲ ವಿಸ್ತರಿಸಿದ್ದು, ಹುಲ್ಲಿಗೆ ಕಳೆನಾಶಕ ಹೊಡೆದದ್ದು, ಜೋಳ, ಕಡಲೆಗಳ ಜಾಗಕ್ಕೆ ಕಬ್ಬು ಬಂದದ್ದು, ಇವೂ ಗೌಜಲಕ್ಕಿಯ ಮನೆಯನ್ನು ಕಿತ್ತಿವೆ.

ಈಗ ಏನು ಮಾಡಬಹುದೆಂಬುದಕ್ಕೆ ಬರುತ್ತೇನೆ. ಮನೆಯೊಳಗಿನ ಮೊದಲ ಕೆಲಸ ಅತ್ತೆಯವರ ಮತ್ತು ಮಗನ ಹಾಸಿಗೆಯನ್ನು ರಸ್ತೆಯಿಂದ ದೂರದ ಹಿಂದಿನ ಕೋಣೆಗೆ ಸಾಗಿಸುವುದು. ಒಂದು ಟ್ರ್ಯಾಕ್ಟರಿನಿಂದ ದೂರ ಎರಡು ಪಟ್ಟಾದಾಗ ಸದ್ದು 6 ಡೆಸಿಬಲ್ ಇಳಿಯುತ್ತದೆ. ನಡುವೆ ಎರಡು ಗೋಡೆ ಬಂದರೆ ಇನ್ನೂ ಹೆಚ್ಚು ಇಳಿಯುತ್ತದೆ. ಅಂಗಳದ ಅಂಚಿಗೆ ಒಂದು ಸಾಲು ಬೇವಿನ ಮರ ನೆಟ್ಟರೆ ನೆರಳು ಸಿಗುತ್ತದೆ, ಸದ್ದು ಮಾತ್ರ ಅಷ್ಟಾಗಿ ನಿಲ್ಲುವುದಿಲ್ಲ. ರಸ್ತೆ ಕಣ್ಣಿಗೆ ಕಾಣದಂತೆ ಮರೆಮಾಡುವ ಗಟ್ಟಿ ಗೋಡೆ ಸುಮಾರು 5 ಡೆಸಿಬಲ್ ತಡೆಯುತ್ತದೆ. ಕಿವಿಗೆ ಹತ್ತಿ ಇಟ್ಟುಕೊಂಡರೆ ಪ್ರಯೋಜನ ಬಹಳ ಕಡಿಮೆ. ಔಷಧದ ಅಂಗಡಿಯಲ್ಲಿ ಸಿಗುವ ಮೆತ್ತನೆಯ ಸ್ಪಂಜಿನ ಇಯರ್‌ಪ್ಲಗ್ ಒಳ್ಳೆಯದು, ಆದರೆ ಅತ್ತೆಯವರ ಕಿವಿಯಲ್ಲಿ ಗುಗ್ಗೆ ತುಂಬಿದೆಯೇ, ಕಿವಿ ಸೋರುತ್ತದೆಯೇ ಎಂದು ಮೊದಲು ತೋರಿಸಿಕೊಳ್ಳಿ. ಎಣ್ಣೆ ಹಾಕಬೇಡಿ.

ಕಾನೂನು ನಿಮ್ಮ ಪರವಾಗಿದೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಹಬ್ಬಗಳಿಗಾಗಿ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿಯವರೆಗೆ ಸರ್ಕಾರ ಸಡಿಲಿಕೆ ಕೊಡಬಹುದು, ಕಬ್ಬಿನ ಸಾಗಾಟ ಅದರಲ್ಲಿ ಬರುವುದಿಲ್ಲ. ಶಾಂತ ವಾತಾವರಣದಲ್ಲಿ ಬದುಕುವುದು ಸಂವಿಧಾನದ 21ನೇ ವಿಧಿ ಕೊಡುವ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2005ರ ಜುಲೈನಲ್ಲಿ ಸ್ಪಷ್ಟವಾಗಿ ಹೇಳಿದೆ. ಸೈಲೆನ್ಸರ್ ತಪ್ಪಿಸಿ ಹೊಗೆ ಬಿಡುವ ವಾಹನಕ್ಕೆ ಮೋಟಾರು ವಾಹನ ಕಾಯ್ದೆಯಲ್ಲಿ ಮೊದಲ ಸಲ 1000, ಮತ್ತೆ ಮಾಡಿದರೆ 2000 ರೂಪಾಯಿ ದಂಡವಿದೆ. ತಕ್ಷಣದ ತೊಂದರೆಗೆ 112ಕ್ಕೆ ಕರೆ ಮಾಡಬಹುದು. ಲಿಖಿತ ದೂರನ್ನು ಜಿಲ್ಲಾಧಿಕಾರಿಗೆ ಅಥವಾ ಡಿವೈಎಸ್‌ಪಿಗೆ ಕೊಡಬೇಕು. ದೂರಿನೊಂದಿಗೆ ಒಂದು ವಾರದ ರಾತ್ರಿಗಳಲ್ಲಿ ಟ್ರ್ಯಾಕ್ಟರ್ ಹಾಯ್ದ ವೇಳೆಗಳ ಪಟ್ಟಿಯನ್ನು ಲಗತ್ತಿಸಿ. ಮೊಬೈಲಿನ ಡೆಸಿಬಲ್ ಆಪ್ ನಿಖರವಲ್ಲದಿದ್ದರೂ ಅಧಿಕಾರಿಗಳು ಬಂದು ಅಳೆಯುವಂತೆ ಮಾಡಲು ಅಷ್ಟು ಸಾಕು.

ದೂರಿಗಿಂತ ಮೊದಲು ಊರಿನ ನಾಲ್ಕು ಜನ ಸೇರಿ ಕಾರ್ಖಾನೆಯ ಕಬ್ಬಿನ ವಿಭಾಗದವರನ್ನು ಕಂಡು ಮಾತನಾಡಿ ಎಂದು ನನ್ನ ಸಲಹೆ. ಆ ಚಾಲಕ ಹಾಡು ಹಚ್ಚುವುದು ನಿಮ್ಮನ್ನು ಕಾಡಲೆಂದಲ್ಲ. ಎರಡು ಟ್ರೇಲರ್ ಕಬ್ಬು ಎಳೆಯುತ್ತ, ಕಾರ್ಖಾನೆಯ ಗೇಟಿನಲ್ಲಿ ಗಂಟೆಗಟ್ಟಲೆ ಸರದಿ ಕಾಯ್ದು ಬಂದವನು ನಿದ್ದೆ ಬಂದೀತೆಂದು ಹೆದರಿ ಹಚ್ಚುತ್ತಾನೆ. ಅವನಿಗೆ ಬೇಕಿರುವುದು ಸರದಿಯ ನಡುವೆ ಮಲಗಲು ಜಾಗ. ಹಾಡು ಬೇಕೇ ಬೇಕೆಂದರೆ ಅವನ ಕಿವಿಯಿಂದ ಅರ್ಧ ಮೀಟರ್ ದೂರದಲ್ಲಿ ಇಟ್ಟ ಚಿಕ್ಕ ಸ್ಪೀಕರ್ ಅವನಿಗೆ 85 ಡೆಸಿಬಲ್ ಕೇಳಿಸಿದರೂ 10 ಮೀಟರ್ ಆಚೆಯ ನಿಮ್ಮ ಅಂಗಳಕ್ಕೆ 60 ಕೂಡ ತಲುಪುವುದಿಲ್ಲ. ಪ್ರವೇಶದ ಚೀಟಿ ಕೊಡುವ ಹೊತ್ತಿಗೇ ದೊಡ್ಡ ಸ್ಪೀಕರ್ ಪೆಟ್ಟಿಗೆ ಇರುವ ಟ್ರ್ಯಾಕ್ಟರನ್ನು ಹಿಂದಕ್ಕೆ ಕಳಿಸುವ ಅಧಿಕಾರ ಕಾರ್ಖಾನೆಗಿದೆ, ಅದನ್ನು ಬಳಸುವಂತೆ ಕೇಳಿ.

ಕೊನೆಯದಾಗಿ ಎರಡು ಲೆಕ್ಕ ಬರೆದಿಡಿ. ಅತ್ತೆಯವರ ರಕ್ತದೊತ್ತಡವನ್ನು ಈಗಿನ ಕೋಣೆಯಲ್ಲಿ ಮಲಗಿದ ಒಂದು ವಾರ ಮತ್ತು ಹಿಂದಿನ ಕೋಣೆಯಲ್ಲಿ ಮಲಗಿದ ಒಂದು ವಾರ, ಬೆಳಿಗ್ಗೆ ಮಾತ್ರೆ ನುಂಗುವ ಮೊದಲು ಅಳೆದು, ಆ ಚೀಟಿಯನ್ನು ಅವರ ವೈದ್ಯರಿಗೆ ತೋರಿಸಿ. ಮಾತ್ರೆಯನ್ನು ನೀವಾಗಿಯೇ ಬದಲಿಸಬೇಡಿ. ಗೌಜಲಕ್ಕಿಗೆ, ಒಂದೇ ಬೆಳಗಿನ ಒಂದೇ ಹೊತ್ತಿನಲ್ಲಿ ಒಬ್ಬರು ರಸ್ತೆಯಂಚಿನ ಬದುವಿನಲ್ಲಿ, ಇನ್ನೊಬ್ಬರು ಅರ್ಧ ಕಿಲೋಮೀಟರ್ ಒಳಗೆ ಅಂಥದ್ದೇ ಹುಲ್ಲಿರುವ ಬದುವಿನಲ್ಲಿ ನಿಂತು ಹತ್ತು ನಿಮಿಷ ಕೂಗು ಎಣಿಸಿ. ಎರಡೂ ಕಡೆ ಒಂದೇ ಬೆಳೆ, ಒಂದೇ ಔಷಧ ಇದ್ದೂ ರಸ್ತೆಯಂಚಿನಲ್ಲಿ ಮಾತ್ರ ಕೂಗು ಕಡಿಮೆ ಇದ್ದರೆ, ನಿಮ್ಮ ಸಂಶಯ ಸರಿಯೆಂದು ಹೇಳಲು ಗಟ್ಟಿ ಕಾರಣ ಸಿಕ್ಕಂತಾಗುತ್ತದೆ. ಕಾರ್ಖಾನೆ ಬಂದಾದ ಮೇಲೂ ಅದೇ ಎರಡು ಜಾಗಗಳಲ್ಲಿ ಎಣಿಸಿ, ಎರಡು ಪಟ್ಟಿಗಳನ್ನೂ ನನಗೆ ಕಳುಹಿಸಿ.